ಮಹಾವಿದ್ಯಾಲಯದ ಖರ್ಚಿಗೆ ದಾರಿ ಯಾವುದು?

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯಲ್ಲಿ ಮುಂಗಾರು ಬಿತ್ತನೆಯ ಕಾಲವೂ ಮಹಾವಿದ್ಯಾಲಯಗಳ ಪ್ರವೇಶದ ಕಾಲವೂ ಒಂದೇ. ಮೃಗಶಿರಾ ಮಳೆ ಹದವಾಗಿ ಬಿದ್ದೊಡನೆ ಒಕ್ಕಲುತನದ ಮನೆಯಲ್ಲಿದ್ದ ಹಣವೆಲ್ಲ ಬೀಜ-ಗೊಬ್ಬರಗಳಿಗೆ ಹೋಗುತ್ತದೆ. ಹೆಸರು ಕೈಗೆ ಬರಲು ಶ್ರಾವಣವೋ ಭಾದ್ರಪದವೋ ಆಗಬೇಕು. ಹತ್ತಿ, ಮೆಣಸಿನಕಾಯಿ, ಕಡಲೆಗಳು ಇನ್ನೂ ತಡ. ಇದೇ ನಡುವೆ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಮಗನಿಗೆ ಅಥವಾ ಮಗಳಿಗೆ ಸ್ಥಾನ ದೊರೆತರೆ, ಶುಲ್ಕ, ಕೋಣೆಯ ಮುಂಗಡ, ಪುಸ್ತಕ ಎಲ್ಲಕ್ಕೂ ಒಂದೇ ವಾರದಲ್ಲಿ ಹಣ ಬೇಕು. ಬಡತನಕ್ಕಿಂತಲೂ ಈ ಕಾಲದ ತೊಡಕೇ ಅನೇಕ ಬುದ್ಧಿವಂತ ಮಕ್ಕಳನ್ನು ಹಿಂದಕ್ಕೆ ಎಳೆದಿದೆಯೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ನಮ್ಮ ಹಿರಿಯರು ಈ ತೊಡಕನ್ನು ಬಲ್ಲವರಾಗಿದ್ದರು. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಈ ಕಡೆಯ ವಿದ್ಯಾರ್ಥಿಯು ಪದವಿಗಾಗಿ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. ಅಂಥವರ ನೆರವಿಗೆಂದೇ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಮಹನೀಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ನವಲಗುಂದ-ಶಿರಸಂಗಿ ದೇಸಗತಿಯ ಲಿಂಗರಾಜರ ಹೆಸರನ್ನಂತೂ ನಮ್ಮ ತಾಲೂಕಿನವರು ಮರೆಯುವಂತಿಲ್ಲ. 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಅವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟರು. ಭೂಮಿಯ ಉತ್ಪನ್ನವು ವರ್ಷವರ್ಷವೂ ಶಿಷ್ಯವೃತ್ತಿಯಾಗಿ ಹರಿಯಿತು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಆದರೆ ಶಿಷ್ಯವೃತ್ತಿಗಿಂತಲೂ ಹೆಚ್ಚಿನ ಉಪಕಾರ ಮಾಡಿದ್ದು ಪ್ರಸಾದನಿಲಯ. ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಶ್ರೀ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಮಕ್ಕಳಿಗೆ ಅನ್ನ, ಆಶ್ರಯಗಳನ್ನು ಉಚಿತವಾಗಿ ನೀಡಿದರು. ಹಳ್ಳಿಯಿಂದ ಬಂದವನಿಗೆ ಭಾರವಾಗುವುದು ಫೀ ಅಲ್ಲ. ಪರಸ್ಥಳದ ಊಟ ಮತ್ತು ಬಾಡಿಗೆ. ಸರಕಾರಿ ಪದವಿ ಕಾಲೇಜಿನ ಮಟ್ಟಿಗೆ ಈ ಮಾತು ಈಗಲೂ ಸತ್ಯ.

ಇಂದು ಸಹಾಯದ ಮೂಲಗಳು ಅಂದಿಗಿಂತ ಹೆಚ್ಚು. 2021ರಲ್ಲಿ ರಾಜ್ಯ ಸರಕಾರವು ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿಗಳೆಂದೂ, ಸ್ನಾತಕೋತ್ತರಕ್ಕೆ 10,000 ಮತ್ತು 11,000 ರೂಪಾಯಿಗಳೆಂದೂ ಗೊತ್ತುಪಡಿಸಲಾಯಿತು. ಇದಕ್ಕೆ ತಂದೆ ಅಥವಾ ತಾಯಿಯ ಹೆಸರಿನ ಹೊಲವು ಫ್ರೂಟ್ಸ್ ತಂತ್ರಾಂಶದಲ್ಲಿ ದಾಖಲಾಗಿರಬೇಕು. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಉಳಿದು, ವಾರಸಾ ಆಗದಿದ್ದರೆ ಅಲ್ಲಿಯೇ ಗಾಡಿ ನಿಲ್ಲುತ್ತದೆ. ಹಿಂದುಳಿದ ವರ್ಗಗಳ ಹಾಗೂ ಪರಿಶಿಷ್ಟರ ಶಿಷ್ಯವೃತ್ತಿಗಳು ಪ್ರತ್ಯೇಕವಾಗಿವೆ. 2023ರ ಜೂನ್ ತಿಂಗಳಿನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಖರ್ಚು ತಪ್ಪಿದ್ದೂ ಸಣ್ಣ ಸಂಗತಿಯಲ್ಲ.

ಬ್ಯಾಂಕಿನ ಸಾಲದ ಬಗ್ಗೆ ಹಳ್ಳಿಗರಲ್ಲಿ ಅಕಾರಣ ಭಯವುಂಟು. ಮಗಳನ್ನು ಓದಿಸಲು ಹೊಲವನ್ನು ಒತ್ತೆ ಇಡಬೇಕಾದೀತೆಂದು ಅಂಜಿ ಎದ್ದುಹೋದ ಪಾಲಕರನ್ನು ನಾನು ಕಂಡಿದ್ದೇನೆ. ನಾಲ್ಕು ಲಕ್ಷ ರೂಪಾಯಿಗಳವರೆಗಿನ ಶಿಕ್ಷಣ ಸಾಲಕ್ಕೆ ಒತ್ತೆ ಬೇಕಿಲ್ಲ. ಪಾಲಕರು ಜತೆಗೆ ಸಹಿ ಹಾಕಬೇಕು. ಮರುಪಾವತಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ ಆರಂಭವಾಗುತ್ತದೆ. ಬಡ್ಡಿ ಮಾತ್ರ ಓದಿನ ಕಾಲದಲ್ಲೂ ಬೆಳೆಯುತ್ತಿರುತ್ತದೆಂಬುದನ್ನು ಮುಚ್ಚಿಡದೆ ಹೇಳಬೇಕು. ಉದ್ಯೋಗ ಖಚಿತವಿಲ್ಲದ ಓದಿಗೆ ದೊಡ್ಡ ಸಾಲ ತೆಗೆಯುವುದನ್ನು ನಾನಂತೂ ಒಪ್ಪಲಾರೆ.

ಇಷ್ಟೆಲ್ಲ ಇದ್ದರೂ ಮೊದಲಿನ ತೊಡಕು ಹಾಗೆಯೇ ಉಳಿಯಿತು. ಶಿಷ್ಯವೃತ್ತಿಗೆ ಅರ್ಜಿ ಹಾಕುವುದೇ ಪ್ರವೇಶವಾದ ಮೇಲೆ; ಅದು ಖಾತೆಗೆ ಜಮೆಯಾಗಲು ತಿಂಗಳುಗಳೇ ಹಿಡಿಯುತ್ತವೆ. ಈ ಅಂತರವನ್ನು ತುಂಬುವ ಕೆಲಸ ನಮ್ಮ ದಾನಿಗಳದು. ಎರಡು ಲಕ್ಷ ರೂಪಾಯಿಗಳನ್ನು ಠೇವಣಿ ಇಟ್ಟರೆ ಶೇಕಡಾ ಆರರಂತೆ ವರ್ಷಕ್ಕೆ ಹನ್ನೆರಡು ಸಾವಿರ ಬಂದೀತು. ಅದರಿಂದ ಪ್ರಥಮ ಬಂದವರಿಗೆ ಬಹುಮಾನ ಕೊಟ್ಟು ದಾನಿಯ ಹೆಸರಿನ ಫಲಕ ತೂಗುಹಾಕಬಹುದು. (ಅಂಥ ಫಲಕಗಳಿಗೆ ಕಂದಪದ್ಯ ಬರೆದುಕೊಟ್ಟವರಲ್ಲಿ ನಾನೂ ಒಬ್ಬ.) ಅದೇ ಎರಡು ಲಕ್ಷವನ್ನು ಜೂನ್ ತಿಂಗಳಿನಲ್ಲಿ ಇಪ್ಪತ್ತು ಜನರಿಗೆ ತಲಾ ಹತ್ತು ಸಾವಿರದಂತೆ ಬಡ್ಡಿಯಿಲ್ಲದ ಮುಂಗಡವಾಗಿ ಕೊಟ್ಟು, ಶಿಷ್ಯವೃತ್ತಿ ಬಂದಾಗಲೋ ಹತ್ತಿ ಮಾರಿದಾಗಲೋ ಮರಳಿ ಪಡೆದರೆ, ಮುಂದಿನ ಜೂನಿಗೆ ಮತ್ತೆ ಇಪ್ಪತ್ತು ಮಕ್ಕಳಿಗೆ ಅದೇ ಹಣ ಒದಗುತ್ತದೆ. ಕೆಲವರು ಮರಳಿಸಲಾರರು, ಬರಗಾಲದ ವರ್ಷ ಹಲವರು ಮರಳಿಸಲಾರರು. ಆ ಕೊರತೆಯನ್ನು ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ತುಂಬಿಕೊಡಬೇಕು. ಲೆಕ್ಕಪತ್ರವನ್ನು ಅಧ್ಯಾಪಕರಿಗೆ ಹೊರಿಸದೆ, ದಾನಿಗಳಿಂದ ಇಬ್ಬರು, ಹಳೆಯ ವಿದ್ಯಾರ್ಥಿಗಳಿಂದ ಇಬ್ಬರು ಸೇರಿ ನೋಡಿಕೊಳ್ಳುವುದು ಲೇಸು.

ಅಧ್ಯಾಪಕ ಬಾಂಧವರಿಗೆ ಬೇರೆಯೇ ಕೆಲಸವಿದೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಹೊಲದ ದಾಖಲೆ ಇವುಗಳನ್ನು ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ವಾರದಲ್ಲೇ ಸಿದ್ಧಪಡಿಸಿಕೊಳ್ಳುವಂತೆ ಮಾಡಬೇಕು. ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಹೆಸರಿದ್ದರೆ ತಿದ್ದಿಸಲು ಏಪ್ರಿಲ್, ಮೇ ತಿಂಗಳುಗಳಲ್ಲಿ ಸಮಯವಿರುತ್ತದೆ. ಬಿತ್ತನೆ ಆರಂಭವಾದ ಮೇಲೆ ತಾಲೂಕು ಕಚೇರಿಗೆ ಅಲೆಯಲು ತಂದೆಗೆ ಬಿಡುವು ಸಿಗದು.