ಕೋಳಿಯ ಕೊರಳಚೀಲ: ಮುಂಜಾನೆ ಮುಟ್ಟಿ ನೋಡಬೇಕಾದ ಅಂಗ

ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕಡೆಯ ನಮ್ಮ ಒಕ್ಕಲು ಮನೆಗಳಲ್ಲಿ ಹಿತ್ತಲ ಕೋಳಿಗೆ ದನಕರುಗಳಿಗಿರುವ ಮಾನವಿಲ್ಲ. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಮನೆಯವರೆಲ್ಲ ಕೊಟ್ಟಿಗೆಗೆ ಓಡುವರು. ಕೋಳಿ ಎರಡು ದಿನ ರೆಕ್ಕೆ ಜೋಲು ಬಿಟ್ಟು ಮೂಲೆ ಹಿಡಿದರೂ ಯಾರ ಲಕ್ಷ್ಯಕ್ಕೂ ಬಾರದು. ಆದರೆ ಸಂತೆಯ ಉಪ್ಪು-ಎಣ್ಣೆಗೆ, ಮಕ್ಕಳ ನೋಟಬುಕ್ಕಿಗೆ ಬೇಕಾಗುವ ಚಿಲ್ಲರೆ ದುಡ್ಡು ಎಷ್ಟೋ ಮನೆಗಳಲ್ಲಿ ತತ್ತಿಯಿಂದಲೇ ಹುಟ್ಟುತ್ತದೆ. ಮಕ್ಕಳು ಹೆಸರಿಟ್ಟು ಕರೆದು, ಅಂಗೈಯಿಂದ ಕಾಳು ತಿನ್ನಿಸಿ ಬೆಳೆಸಿದ ಕೋಳಿಯೊಂದು ಹಿತ್ತಲಲ್ಲಿ ಇರುವುದೂ ಉಂಟು. ಅಂಥ ಕೋಳಿ ಮೇವು ಬಿಟ್ಟಾಗ ಮನೆಯವರು ಪ್ರೀತಿಯಿಂದ, ಆದರೆ ತಿಳಿಯದೆ ಮಾಡುವ ಉಪಚಾರವೇ ಎಷ್ಟೋ ಸಲ ಅದರ ಸಾವಿಗೆ ಕಾರಣವಾಗುತ್ತದೆ. ಆದುದರಿಂದ ಕೋಳಿಯ ಪಚನ ನಡೆಯುವ ಬಗೆ, ಅದರ ಕೊರಳಚೀಲಕ್ಕೆ ಬರುವ ತೊಂದರೆಗಳು, ಮನೆಯಲ್ಲಿ ಮಾಡಬಹುದಾದ ಮತ್ತು ಮಾಡಕೂಡದ ಉಪಚಾರ, ಇವನ್ನು ಇಲ್ಲಿ ವಿವರಿಸುವೆವು.

ಹಲ್ಲಿಲ್ಲದ ಪ್ರಾಣಿಯ ಪಚನ

ಎತ್ತು ಮೇವನ್ನು ಅವಸರದಿಂದ ನುಂಗಿ ಆಮೇಲೆ ಮೆಲುಕು ಹಾಕುವುದು ಎಲ್ಲರಿಗೂ ಗೊತ್ತು. ಕೋಳಿಗೆ ಮೆಲುಕೂ ಇಲ್ಲ, ಹಲ್ಲೂ ಇಲ್ಲ. ಕೊಕ್ಕಿನಿಂದ ಹೆಕ್ಕಿದ ಕಾಳು ಇಡಿಯಾಗಿಯೇ ಅನ್ನನಾಳಕ್ಕೆ ಇಳಿಯುತ್ತದೆ. ಕೊರಳು ಎದೆಯನ್ನು ಸೇರುವಲ್ಲಿ, ತುಸು ಬಲಮಗ್ಗುಲಿಗೆ, ಅನ್ನನಾಳವೇ ಉಬ್ಬಿ ಒಂದು ಚೀಲದಂತಾಗಿದೆ. ಇದೇ ಕೊರಳಚೀಲ. ಕಾಳು ಇಲ್ಲಿ ಹೆಚ್ಚಾಗಿ ಪಚನವಾಗುವುದಿಲ್ಲ. ನೀರಿನಲ್ಲಿ ನೆನೆದು ಮೆತ್ತಗಾಗುತ್ತದೆ, ಅಷ್ಟೆ. ಅಲ್ಲಿಂದ ಅದು ಸ್ವಲ್ಪ ಸ್ವಲ್ಪವಾಗಿ ಮೊದಲನೆಯ ಜಠರಕ್ಕೆ ಹೋಗಿ ಆಮ್ಲರಸದೊಡನೆ ಬೆರೆಯುತ್ತದೆ. ಬಳಿಕ ಗಟ್ಟಿ ಸ್ನಾಯುಗಳಿಂದಾದ ಎರಡನೆಯ ಜಠರವನ್ನು ಸೇರುತ್ತದೆ. ಕೋಳಿ ನುಂಗಿದ ಹರಳುಗಳು ನಿಲ್ಲುವುದು ಈ ಎರಡನೆಯ ಜಠರದಲ್ಲಿಯೇ. ಅದು ಹಿಂಡಿದಾಗಲೆಲ್ಲ ಕಾಳು ಹರಳುಗಳ ನಡುವೆ ಸಿಕ್ಕು ಅರೆಯಲ್ಪಡುತ್ತದೆ. ಮುಂದೆ ಸಣ್ಣ ಕರುಳು ಸಾರವನ್ನು ಹೀರಿಕೊಳ್ಳುತ್ತದೆ. ಉಳಿದುದು ಹಿಕ್ಕೆಯಾಗಿ ಹೊರಬೀಳುತ್ತದೆ.

ಇದನ್ನು ಮಕ್ಕಳಿಗೆ ಹೇಳುವಾಗ ಬೀಸುವ ಕಲ್ಲಿನ ಉದಾಹರಣೆ ಕೊಡುವುದು ಒಳ್ಳೆಯದು. ಕೊರಳಚೀಲವೆಂದರೆ ಬೀಸುವವರ ಪಕ್ಕದಲ್ಲಿಟ್ಟ ಕಾಳಿನ ಮೊರ. ಎರಡನೆಯ ಜಠರವೆಂದರೆ ಬೀಸುವ ಕಲ್ಲು. ಕಲ್ಲು ತಿರುಗುತ್ತಿದ್ದರೆ ಮೊರ ಬರಿದಾಗುತ್ತ ಹೋಗುತ್ತದೆ. ಮೊರ ಬರಿದಾಗದಿದ್ದರೆ, ಮೊರದಲ್ಲಿಯೇ ಏನೋ ತೊಡಕಿದೆ, ಇಲ್ಲವೆ ಕಲ್ಲು ನಿಂತಿದೆ ಎಂದು ತಿಳಿಯಬೇಕು. ಕೊರಳಚೀಲ ಉಬ್ಬಿ ನಿಂತ ಕೋಳಿಯ ಸ್ಥಿತಿಯೂ ಹೀಗೆಯೇ. ರೋಗ ಕೊರಳಚೀಲದಲ್ಲಿರಬಹುದು, ಅಥವಾ ಅದರಾಚೆ ಎಲ್ಲಿಯೋ ಇರಬಹುದು. ಈ ಭೇದವನ್ನು ಮರೆತರೆ ಉಪಚಾರವೆಲ್ಲ ದಾರಿ ತಪ್ಪುತ್ತದೆ.

ಮುಂಜಾನೆಯ ಪರೀಕ್ಷೆ

ಕೋಳಿ ಹಗಲೆಲ್ಲ ಹೆಕ್ಕಿ, ಸಂಜೆ ಗೂಡು ಸೇರುವಾಗ ಕೊರಳಚೀಲವನ್ನು ತುಂಬಿಕೊಂಡಿರುತ್ತದೆ. ಆಗ ಅದು ಲಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದಾಗಿಯೋ ಕೈಗೆ ಸಿಗುತ್ತದೆ. ಇದು ರೋಗವಲ್ಲ. ರಾತ್ರಿಯೆಲ್ಲ ಕಾಳು ಮುಂದಕ್ಕೆ ಸಾಗಿ, ಬೆಳಗಾಗುವ ಹೊತ್ತಿಗೆ ಚೀಲ ಬರಿದಾಗಿರುತ್ತದೆ. ಆದುದರಿಂದ ಪರೀಕ್ಷೆಗೆ ತಕ್ಕ ಕಾಲ ಮುಂಜಾನೆ, ಗೂಡಿನ ಬಾಗಿಲು ತೆರೆಯುವಾಗ, ಕಾಳು-ನೀರು ಕೊಡುವ ಮೊದಲು.

ಕೋಳಿಯನ್ನು ಎಡಗಂಕುಳಲ್ಲಿ ರೆಕ್ಕೆ ಸೇರಿಸಿ ಹಿಡಿದು, ಬಲಗೈಯ ಬೆರಳುಗಳಿಂದ ಕೊರಳ ಬುಡವನ್ನು ಮೆಲ್ಲಗೆ ಮುಟ್ಟಿ ನೋಡಬೇಕು. ಏನೂ ಸಿಗದಿದ್ದರೆ ಪಚನ ಸರಿಯಾಗಿದೆ. ಬೆಳಗಾದರೂ ಚೀಲ ತುಂಬಿದ್ದರೆ ತೊಂದರೆ ಮೊದಲಾಗಿದೆ ಎಂದು ತಿಳಿಯತಕ್ಕದ್ದು. ಪ್ರತಿದಿನ ಎಲ್ಲ ಕೋಳಿಗಳನ್ನೂ ಹಿಡಿಯಬೇಕಾಗಿಲ್ಲ; ಮಂಕಾದ, ಮೇವು ಬಿಟ್ಟ, ತತ್ತಿ ನಿಲ್ಲಿಸಿದ ಕೋಳಿಯನ್ನು ನೋಡಿದರೆ ಸಾಕು.

ಮೂರು ಬಗೆಯ ತೊಂದರೆ

ಮೊದಲನೆಯದು ಕೊರಳಚೀಲ ಗಟ್ಟಿಯಾಗುವುದು. ಮುಟ್ಟಿದರೆ ನಾದಿದ ಕಣಕದಂತೆ ಇಲ್ಲವೆ ಅದಕ್ಕಿಂತ ಬಿರುಸಾದ ಗಡ್ಡೆಯಂತೆ ಇರುತ್ತದೆ. ಒಣಗಿದ ಉದ್ದ ಹುಲ್ಲು, ನಾರು, ಗೋಣಿಚೀಲದ ಎಳೆ, ಪ್ಲಾಸ್ಟಿಕ್ ಚೂರು ಒಳಗೆ ಹೋಗಿ ಸಿಂಬಿಯಂತೆ ಸುತ್ತಿಕೊಂಡರೆ ಕಾಳು ಅದರಲ್ಲಿ ಸಿಕ್ಕು ಮುಂದೆ ಹೋಗದು. ಬಹಳ ಹೊತ್ತು ಹಸಿದಿದ್ದ ಕೋಳಿ ಜೋಳದ ರಾಶಿ ಕಂಡು ಒಮ್ಮೆಗೇ ನುಂಗಿದರೂ, ಕುಡಿಯಲು ನೀರು ಸಾಲದಿದ್ದರೂ ಹೀಗಾಗುವುದುಂಟು. ರಾಶಿಯ ದಿನಗಳಲ್ಲಿ ಕಣದಲ್ಲಿ ಕಾಳು ಹೇರಳ, ನೀರು ದೂರ. ಆಗ ಹೆಚ್ಚಿನ ಎಚ್ಚರ ಬೇಕು.

ಎರಡನೆಯದು ಹುಳಿಯುವುದು. ಚೀಲ ಮೆತ್ತಗೆ, ನೀರು ತುಂಬಿದ ಬುಗ್ಗೆಯಂತೆ ಜೋಲಾಡುತ್ತದೆ. ಕೊಕ್ಕು ತೆರೆದರೆ ಹುಳಿವಾಸನೆ ಹೊಡೆಯುತ್ತದೆ. ಹಿಟ್ಟು ಹುದುಗಿದಾಗ ಬರುವ ವಾಸನೆಯಂತೆಯೇ ಇದು. ಒಳಗೆ ಕ್ಯಾಂಡಿಡಾ ಎಂಬ ಹುದುಗಿನ ಜಾತಿಯ ಸೂಕ್ಷ್ಮಜೀವಿ ಅತಿಯಾಗಿ ಬೆಳೆದುದು ಇದಕ್ಕೆ ಮುಖ್ಯ ಕಾರಣ. ಬಾಯಿಯಲ್ಲಿ ಬಿಳಿಯ ಪೊರೆ ಕಾಣಿಸಬಹುದು. ಹಳಸಿದ ಅನ್ನ, ಬೂಷ್ಟು ಹಿಡಿದ ಹಿಟ್ಟು, ಹೊಲಸು ನೀರು ಇದಕ್ಕೆ ದಾರಿ ಮಾಡುತ್ತವೆ. ಜೀವಿರೋಧಕ ಔಷಧಗಳನ್ನು ಬಹುದಿನ ಕೊಟ್ಟಾಗಲೂ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಈ ಹುದುಗು ಹಬ್ಬುತ್ತದೆ. ಗಟ್ಟಿಯಾದ ಚೀಲವನ್ನು ಹಾಗೆಯೇ ಬಿಟ್ಟರೂ ಒಳಗಿನ ಮೇವು ಕೊಳೆತು ಹುಳಿಯುವುದು.

ಮೂರನೆಯದು ಚೀಲ ಜೋತು ಬೀಳುವುದು. ಹಿಗ್ಗಿ ಹಿಗ್ಗಿ ಸ್ನಾಯು ಸೋತ ಚೀಲ ಮತ್ತೆ ಮೊದಲಿನಂತಾಗದು. ಇಂಥ ಕೋಳಿಗೆ ಒಮ್ಮೆಗೇ ಹೆಚ್ಚು ಮೇವು ಕೊಡದೆ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಮೆತ್ತಗಿನ ಆಹಾರ ಕೊಟ್ಟು ಸಾಗಿಸಬೇಕು. ಇದು ವಂಶಪಾರಂಪರ್ಯವಾಗಿಯೂ ಬರುವುದರಿಂದ ಇದರ ತತ್ತಿಯನ್ನು ಮರಿಗೆ ಕೂಡ್ರಿಸದಿರುವುದು ಲೇಸು.

ಮಾಡಕೂಡದ ಉಪಚಾರ

ಕೋಳಿಯನ್ನು ತಲೆಕೆಳಗಾಗಿ ಹಿಡಿದು ಚೀಲವನ್ನು ಹಿಂಡಿ ಒಳಗಿನದನ್ನು ಕಕ್ಕಿಸುವ ಪದ್ಧತಿ ಹಲವರಲ್ಲಿದೆ. ಇದು ಬಹು ಅಪಾಯದ ಕೆಲಸ. ಕೋಳಿಯ ಶ್ವಾಸನಾಳದ ಬಾಯಿ ನಾಲಗೆಯ ಹಿಂದೆಯೇ ಇದೆ. ಕೊಕ್ಕು ತೆರೆದು ನೋಡಿದರೆ, ಉಸಿರಾಡಿದಂತೆಲ್ಲ ತೆರೆದು ಮುಚ್ಚುವ ಸಣ್ಣ ಸೀಳು ಕಾಣುವುದು. ಕಕ್ಕಿದ ನೀರು ಆ ಸೀಳನ್ನು ಹೊಕ್ಕರೆ ಕೋಳಿ ಗಳಿಗೆಯಲ್ಲಿ ಉಸಿರುಗಟ್ಟಿ ಸಾಯುತ್ತದೆ. ಆಗ ಉಳಿದರೂ ಕೆಲ ದಿನಗಳಲ್ಲಿ ಶ್ವಾಸಕೋಶ ಕೆಟ್ಟು ಸಾಯಬಹುದು. ಕೊಕ್ಕು ತೆರೆದು ಚಮಚದಿಂದ ಎಣ್ಣೆ ಸುರಿಯುವುದರಲ್ಲಿಯೂ ಇದೇ ಅಪಾಯವಿದೆ.

ಹಾಲು ಕುಡಿಸುವುದರಿಂದ ಪ್ರಯೋಜನವಿಲ್ಲ. ಹಾಲಿನಲ್ಲಿರುವ ಸಕ್ಕರೆ ಹಕ್ಕಿಗಳಿಗೆ ಸರಿಯಾಗಿ ಪಚನವಾಗದು. ಬೆಲ್ಲದ ನೀರು, ಹಿಟ್ಟಿನ ಅಂಬಲಿ ಹುಳಿತ ಚೀಲದೊಳಗಿನ ಹುದುಗಿಗೆ ಆಹಾರವಾಗುವುವೇ ಹೊರತು ಕೋಳಿಗಲ್ಲ. ಅಂಗಡಿಯಿಂದ ತಂದ ಜೀವಿರೋಧಕ ಗುಳಿಗೆಯನ್ನು ಅಂದಾಜಿನಿಂದ ಅರೆದು ಹಾಕುವುದಂತೂ ಕೂಡದು. ಹುಳಿತ ಚೀಲಕ್ಕೆ ಅದು ಉರಿಗೆ ಎಣ್ಣೆ ಸುರಿದಂತೆ. ಇಂಥ ಔಷಧಗಳ ದುರುಪಯೋಗ ಮನುಷ್ಯರಿಗೂ ಕೇಡು. ಕೋಳಿಗಳಿಗೆ ಧಾರಾಳವಾಗಿ ಕೊಡಲಾಗುತ್ತಿದ್ದ ಕೊಲಿಸ್ಟಿನ್ ಎಂಬ ಔಷಧವನ್ನು ಭಾರತ ಸರಕಾರ 2019ರಲ್ಲಿ ನಿಷೇಧಿಸಿದುದು ಈ ಕಾರಣದಿಂದಲೇ.

ಮನೆಯಲ್ಲಿ ಮಾಡಬಹುದಾದುದು

ತೊಂದರೆಯಾದ ಕೋಳಿಯನ್ನು ಮೊದಲು ಬೇರೆಯಾಗಿ, ನೆರಳಿನಲ್ಲಿ, ಗಾಳಿಯಾಡುವ ಬುಟ್ಟಿಯ ಕೆಳಗೆ ಇಡಬೇಕು. ಬುಡಕ್ಕೆ ಹುಲ್ಲು ಹಾಸದೆ ಹಳೆಯ ಕಾಗದ ಹಾಸಬೇಕು. ಹುಲ್ಲನ್ನು ಮತ್ತೆ ನುಂಗದಿರಲು, ಹಿಕ್ಕೆಯನ್ನು ಕಾಣಲು, ಎರಡಕ್ಕೂ ಇದು ಅನುಕೂಲ. ಕಾಳನ್ನು ನಿಲ್ಲಿಸಿ, ಶುದ್ಧವಾದ ನೀರನ್ನು ಸದಾ ಮುಂದಿಡಬೇಕು.

ಚೀಲ ಗಟ್ಟಿಯಾಗಿದ್ದರೆ, ಕೋಳಿ ತಾನಾಗಿ ನೀರು ಕುಡಿದ ಬಳಿಕ, ಬೆರಳುಗಳಿಂದ ಗಡ್ಡೆಯನ್ನು ಮೆಲ್ಲಗೆ ಮಿದುಕಬೇಕು. ಒಂದು ಸಲಕ್ಕೆ ಐದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಬಾಯಿಯ ಕಡೆಗೆ ಒತ್ತಬಾರದು. ಇದ್ದಲ್ಲಿಯೇ ಗಡ್ಡೆಯನ್ನು ಸಡಿಲಿಸುವುದಷ್ಟೇ ಉದ್ದೇಶ. ಎಣ್ಣೆ ಕೊಡುವುದಾದರೆ ಅರ್ಧ ಚಿಕ್ಕ ಚಮಚಕ್ಕೆ ಮೀರದಂತೆ, ಹನಿ ಹನಿಯಾಗಿ ಕೊಕ್ಕಿನ ಮಗ್ಗುಲ ಅಂಚಿಗೆ ಬಿಟ್ಟು, ಕೋಳಿ ತಾನೇ ನುಂಗಿದ ಮೇಲೆ ಮುಂದಿನ ಹನಿ ಬಿಡಬೇಕು. ಹುಳಿತ ಚೀಲವನ್ನು ಮಾತ್ರ ಒತ್ತಲೇಬಾರದು. ಒತ್ತಿದರೆ ನೀರು ಮೇಲಕ್ಕೆ ಬರುವುದು.

ಮರುದಿನ ಮುಂಜಾನೆ ಮತ್ತೆ ಮುಟ್ಟಿ ನೋಡಿರಿ. ಚೀಲ ಕುಗ್ಗಿದ್ದರೆ ನೆನೆಸಿ ಮೆತ್ತಗೆ ಮಾಡಿದ ನುಚ್ಚು, ಬೇಯಿಸಿದ ತತ್ತಿಯ ಪುಡಿ, ಇವನ್ನು ಚಿಟಿಕೆ ಚಿಟಿಕೆಯಾಗಿ ಕೊಡುತ್ತ, ಮೂರು ನಾಲ್ಕು ದಿನಗಳ ಮೇಲೆ ಕಾಳಿಗೆ ಮರಳಬಹುದು. ಕುಗ್ಗದಿದ್ದರೆ ಮತ್ತೆ ಉಪವಾಸ ಕೆಡವದೆ ಪಶುವೈದ್ಯರ ಬಳಿಗೆ ಒಯ್ಯಬೇಕು. 1962 ಎಂಬ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕೇಳಬಹುದು. ಗಟ್ಟಿಯಾದ ಚೀಲವನ್ನು ವೈದ್ಯರು ಕೊಯ್ದು ಬರಿದು ಮಾಡಿ ಹೊಲಿಯಬಲ್ಲರು. ಹುಳಿತಕ್ಕೆ ಹುದುಗನ್ನು ಕೊಲ್ಲುವ ಬೇರೆ ಔಷಧವುಂಟು. ಇವೆರಡೂ ಮನೆಯ ಕೆಲಸಗಳಲ್ಲ. ಔಷಧ ಕೊಟ್ಟಾಗ ಎಷ್ಟು ದಿನ ತತ್ತಿಯನ್ನು ತಿನ್ನಕೂಡದೆಂದು ಕೇಳಿ ತಿಳಿದುಕೊಳ್ಳಬೇಕು.

ಬೀಸುವ ಕಲ್ಲು ನಿಂತಾಗ

ಚೀಲ ಬರಿದಾಗದಿರಲು ಕಾರಣ ಮುಂದೆಲ್ಲಿಯೋ ಇರಬಹುದೆಂದು ಮೊದಲೇ ಹೇಳಿದೆವು. ಕರುಳಿನಲ್ಲಿ ಜಂತು ತುಂಬಿದಾಗ, ತತ್ತಿ ಒಳಗೆ ಸಿಕ್ಕಿಕೊಂಡಾಗ, ಜಠರದಲ್ಲಿ ಮೊಳೆ-ತಂತಿ ನಾಟಿದಾಗ, ಮೇರೆಕ್ಸ್ ಎಂಬ ರೋಗದಿಂದ ನರ ಸೋತಾಗ ಕೊರಳಚೀಲವೂ ನಿಲ್ಲುತ್ತದೆ. ಇದನ್ನು ಅರಿಯಲು ಹಿಕ್ಕೆ ಸಹಾಯಕ. ಕಂದು ಬಣ್ಣದ ಉಂಡೆ, ತುದಿಗೆ ಬಿಳಿಯ ಟೋಪಿ, ಇದು ಆರೋಗ್ಯದ ಗುರುತು. ಆಗಾಗ ಬೀಳುವ ಅಂಟಾದ, ದುರ್ವಾಸನೆಯ ಹಿಕ್ಕೆಯೂ ಸಹಜವಾದುದೇ. ಮೇವು ಬಿಟ್ಟ ಕೋಳಿ ಹಸಿರು ನೀರಾಗಿ ಹಿಕ್ಕೆ ಹಾಕುತ್ತದೆ. ಹೊಟ್ಟೆಯಲ್ಲಿ ಪಿತ್ತವಲ್ಲದೆ ಬೇರೇನೂ ಇಲ್ಲವೆಂದು ಇದರ ಅರ್ಥ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಇರಬಹುದು; ನೆಲ ಹಸಿಯಾಗಿರುವಲ್ಲಿ ಇದು ಬೇಗ ಹಬ್ಬುವುದು.

ಹಸಿರು ಹಿಕ್ಕೆಯ ಜೊತೆಗೆ ಬಾಯಿ ತೆರೆದು ಉಸಿರಾಡುವುದು, ಕೊರಳು ತಿರುಚುವುದು, ಒಂದರ ಹಿಂದೆ ಒಂದು ಕೋಳಿ ಬೀಳುವುದು ಕಂಡರೆ ಅದು ಕೊಕ್ಕರೆ ರೋಗವೆಂದು ಸಂಶಯಪಡಬೇಕು. ರಾಣಿಖೇತ ರೋಗವೆಂದರೂ, ನಮ್ಮ ನೆರೆಯ ಮರಾಠಿಗರು ಮಾನಮೋಡಿ ಎಂದರೂ ಇದೇ. ಈ ರೋಗದಲ್ಲಿ ಕೊರಳಚೀಲ ನೀರು ತುಂಬಿ ಜೋಲುವುದರಿಂದ ಬರೀ ಹುಳಿತವೆಂದು ಮೋಸಹೋಗುವ ಸಂಭವ ಹೆಚ್ಚು. ಇದಕ್ಕೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸುವುದೊಂದೇ ಉಪಾಯ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿಯಾಗಿ, ಸುಮಾರು ಎಂಟು ವಾರದ ಮೇಲೆ ಚುಚ್ಚುಮದ್ದಾಗಿ ಕೊಡಿಸುವ ಪದ್ಧತಿಯಿದೆ.

ಹಕ್ಕಿಜ್ವರವನ್ನೂ ಮರೆಯಬಾರದು. ಭಾರತದಲ್ಲಿ ಅದು ಮೊದಲು ಕಂಡುದು 2006ರ ಫೆಬ್ರುವರಿಯಲ್ಲಿ, ನಮ್ಮ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಬರಿಗೈಯಿಂದ ಮುಟ್ಟದೆ, ಕೊಯ್ಯದೆ, ಸಂತೆಗೆ ಸಾಗಿಸದೆ ಪಶುವೈದ್ಯ ಇಲಾಖೆಗೆ ತಿಳಿಸತಕ್ಕದ್ದು.

ಬಾರದಂತೆ ನೋಡಿಕೊಳ್ಳುವುದು

ಮೊದಲನೆಯದಾಗಿ ನೀರು. ಕೋಳಿ ತಿಂದ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ನಮ್ಮ ಬೇಸಗೆಯಲ್ಲಿ ಇನ್ನೂ ಹೆಚ್ಚು. ಮಣ್ಣಿನ ಪರಿಯಾಣವನ್ನು ದಿನಾಲು ತಿಕ್ಕಿ ತೊಳೆದು ನೆರಳಿನಲ್ಲಿಡಬೇಕು. ಕಣದ ಬಳಿಯೂ ಒಂದನ್ನು ಇಡಬೇಕು.

ಎರಡನೆಯದಾಗಿ ಹರಳು. ಹೊರಗೆ ತಿರುಗುವ ಜವಾರಿ ಕೋಳಿ ತನಗೆ ಬೇಕಾದುದನ್ನು ಹುಡುಕಿಕೊಳ್ಳುತ್ತದೆ. ಕಟ್ಟಿ ಹಾಕಿದ ಕೋಳಿಗೆ ಜೋಳದ ಕಾಳಿನಷ್ಟು ಗಾತ್ರದ ಹಳ್ಳದ ಹರಳನ್ನು ಬೇರೆ ಬಟ್ಟಲಿನಲ್ಲಿಡಬೇಕು. ತತ್ತಿಯ ಸಿಪ್ಪೆಯ ಪುಡಿಯೂ ಬೇಕು. ಆದರೆ ಅದು ಆಮ್ಲದಲ್ಲಿ ಕರಗಿ ಸುಣ್ಣ ಒದಗಿಸುವುದೇ ಹೊರತು ಕಾಳನ್ನು ಅರೆಯುವುದಿಲ್ಲ. ಒಂದರ ಕೆಲಸ ಇನ್ನೊಂದರಿಂದಾಗದು.

ಮೂರನೆಯದಾಗಿ ಮೇವು. ಬೂಷ್ಟು ಹಿಡಿದ ಶೇಂಗಾ, ಹಿಂಡಿ, ಮಳೆಗೆ ನೆನೆದು ಕಪ್ಪಾದ ಜೋಳ, ಇವನ್ನು ದನಕ್ಕೆ ಬೇಡವೆಂದು ಕೋಳಿಗೆ ಚೆಲ್ಲುವ ರೂಢಿ ಬಿಡಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ ಶೇಂಗಾ ಹಿಂಡಿಯ ಬೂಷ್ಟಿನಲ್ಲಿ ಹುಟ್ಟಿದ ವಿಷ ಪತ್ತೆಯಾಯಿತು. ಅದನ್ನೇ ಇಂದು ಅಫ್ಲಾಟಾಕ್ಸಿನ್ ಎನ್ನುವರು. ಬೇಯಿಸಿದರೂ ಅದು ಹೋಗದು.

ನಾಲ್ಕನೆಯದಾಗಿ ಬಿತ್ತನೆಯ ಕಾಲ. ಔಷಧ ಲೇಪಿಸಿದ ಬಣ್ಣದ ಬೀಜ ಒಂದು ಹಿಡಿ ಅಂಗಳದಲ್ಲಿ ಚೆಲ್ಲಿದರೂ ಕೋಳಿಗಳಿಗೆ ಅದು ವಿಷದ ಊಟ. ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ ಕೋಳಿಗಳನ್ನು ಕೂಡಿಹಾಕಬೇಕು. ಬೀಜದ ಖಾಲಿ ಚೀಲವನ್ನು ಹಿತ್ತಲಲ್ಲಿ ಬಿಸಾಡಕೂಡದು.

ಕೋಳಿಯನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯುವಂತೆಯೂ ನೋಡಿಕೊಳ್ಳಬೇಕು. ಇಷ್ಟು ಮಾಡಲು ದುಡ್ಡು ಬೇಡ, ಬೆಳಗಿನ ಎರಡು ನಿಮಿಷ ಸಾಕು. ಹಿತ್ತಲ ಕೋಳಿಯ ಆರೈಕೆ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಮತ್ತು ಮಕ್ಕಳ ಕೈಯಲ್ಲಿದೆ. ಗೂಡಿನ ಬಾಗಿಲು ತೆರೆಯುವವರು ಅವರೇ ಆದುದರಿಂದ ಈ ಪರೀಕ್ಷೆಯನ್ನು ಮೊದಲು ಕಲಿಯತಕ್ಕವರೂ ಅವರೇ. ಮನೆಯ ಹಿರಿಯರು ಇದನ್ನು ಅವರ ಮುಂದೆ ಓದಿ, ಆರೋಗ್ಯವಾಗಿರುವ ಕೋಳಿಯೊಂದನ್ನು ಸಂಜೆ ಒಮ್ಮೆ, ಮರುದಿನ ಮುಂಜಾನೆ ಒಮ್ಮೆ ಮುಟ್ಟಿಸಿ ತೋರಿಸಲಿ. ತುಂಬಿದ ಚೀಲ ಹೇಗಿರುತ್ತದೆ, ಬರಿದಾದುದು ಹೇಗಿರುತ್ತದೆ ಎಂಬುದು ಒಮ್ಮೆ ಬೆರಳಿಗೆ ತಿಳಿದರೆ, ತೊಂದರೆ ಬಂದ ದಿನವೇ ಅದು ಗೊತ್ತಾಗುವುದು.