ಲೀಸಿನ ಎಲೆಕ್ಟ್ರಿಕ್ ಕಾರಿಗೆ ಹಿಂದಿನಿಂದ ಗುದ್ದಿದರೆ ರಿಪೇರಿ ಯಾರ ಕೈಯಲ್ಲಿ?

ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ನಮ್ಮ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳನ್ನು ದಾಟಿಕೊಂಡೇ ಹೋಗುತ್ತದೆ. ಹಬ್ಬಕ್ಕೋ ಜಾತ್ರೆಗೋ ಮದುವೆಗೋ ಬೆಂಗಳೂರು, ಹೈದರಾಬಾದಿನಿಂದ ಊರಿಗೆ ಬರುವ ಹುಡುಗರ ಹಸಿರು ನಂಬರ್ ಪ್ಲೇಟಿನ ಕಾರುಗಳು ಈಗ ಈ ರಸ್ತೆಯಲ್ಲಿ ಅಪರೂಪವಲ್ಲ. ಅವುಗಳಲ್ಲಿ ಒಂದಷ್ಟು ಕಾರುಗಳು ಆ ಹುಡುಗರ ಹೆಸರಿನಲ್ಲಿ ಇರುವುದಿಲ್ಲ. ಅವು ಲೀಸಿನ ಗಾಡಿಗಳು. ಕೆಲಸ ಕೊಟ್ಟ ಕಂಪನಿ ಒಂದು ಲೀಸ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿರುತ್ತದೆ, ಸಂಬಳದಿಂದ ತೆರಿಗೆಗೆ ಮುಂಚೆಯೇ ಬಾಡಿಗೆ ಕಡಿತವಾಗುತ್ತದೆ. ಮೂರೋ ನಾಲ್ಕೋ ವರ್ಷ ಓಡಿಸಿ, ಆಮೇಲೆ ಉಳಿದ ಬೆಲೆ ಕಟ್ಟಿ ಕೊಂಡುಕೊಳ್ಳಬೇಕು, ಇಲ್ಲ ವಾಪಸ್ ಕೊಡಬೇಕು.

ಗಾಡಿ ಓಡುತ್ತಿರುವಷ್ಟು ದಿನ ಈ ಲೆಕ್ಕ ಚೆನ್ನಾಗಿಯೇ ಇರುತ್ತದೆ. ಹಿಂದಿನಿಂದ ಯಾರೋ ಬಂದು ಗುದ್ದಿದ ದಿನ ಅದರ ಇನ್ನೊಂದು ಮುಖ ಕಾಣುತ್ತದೆ. ಲೀಸಿನ ಇವಿಯಲ್ಲಿ ಹೊಣೆ ಓಡಿಸುವವನದು, ತೀರ್ಮಾನ ಬೇರೆಯವರದು. ನಮ್ಮ ಭಾಗದಲ್ಲಿ ಇವೆರಡರ ನಡುವೆ ಕಾಗದದ ಅಂತರದ ಜೊತೆಗೆ ನೂರಾರು ಕಿಲೋಮೀಟರ್ ರಸ್ತೆಯೂ ಇದೆ.

ನನ್ನ ಕಾಕನ ಮಗ ಘಾಟಬೋರಾಳದವನು, ಬೆಂಗಳೂರಿನಲ್ಲಿ ಕೆಲಸ. ಊರಿಗೆ ಬರುವಾಗ ಹುಮನಾಬಾದ್ ಹತ್ತಿರ ರೋಡ್ ಹಂಪ್‌ಗೆ ಸ್ಲೋ ಮಾಡಿದ, ಹಿಂದಿದ್ದ ಲಾರಿ ಮಾಡಲಿಲ್ಲ. ಯಾರಿಗೂ ಗಾಯ ಆಗಲಿಲ್ಲ. ಬಂಪರ್ ಒಡೆಯಿತು, ಡಿಕ್ಕಿ ಬಾಗಿಲು ಒಳಕ್ಕೆ ಹೋಯಿತು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು, ಗಾಡಿ ಸ್ಟಾರ್ಟ್ ಆಗಲಿಲ್ಲ. ಠಾಣೆಯಿಂದ ನನಗೆ ಫೋನ್ ಮಾಡಿದ: "ಅಣ್ಣಾ, ಗಾಡಿ ಯಾರ ಹೆಸರ ಮ್ಯಾಲ ಅದ ಅಂತ ಕೇಳ್ಲಾಕತ್ತಾರ. ಬಾಡಗಿ ಕಟ್ಟಾಂವ ನಾನು, ಹೆಸರು ಲೀಸ್ ಕಂಪ್ನೀದು. ಏನಂತ ಬರೆಸ್ಲಿ?" ಆ ಕಾರು ಮತ್ತೆ ರಸ್ತೆಗಿಳಿದದ್ದು 41 ದಿನಗಳ ನಂತರ. ಅದರಲ್ಲಿ ಕೆಲಸ ನಡೆದದ್ದು ಒಂದು ವಾರ ಇದ್ದೀತು. ಉಳಿದ ದಿನಗಳೆಲ್ಲ ಹೋದದ್ದು ಯಾರದೋ ಒಪ್ಪಿಗೆಗೆ ಕಾಯುವುದರಲ್ಲಿ. ಲೀಸ್ ಬಾಡಿಗೆ ಮಾತ್ರ ತಿಂಗಳ ತಾರೀಖಿಗೆ ಸರಿಯಾಗಿ ಕಡಿತವಾಯಿತು.

ಕಾನೂನಿಗೆ ನೀವು ಮಾಲೀಕರು, ಪಾಲಿಸಿಗೆ ಅಲ್ಲ

ಅವನು ಠಾಣೆಯಿಂದ ಕೇಳಿದ ಪ್ರಶ್ನೆಗೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಉತ್ತರ ಇದೆ. ಅದರ ಕಲಂ 2(30) 'ಮಾಲೀಕ' ಅಂದರೆ ಯಾರು ಎಂದು ಹೇಳುತ್ತದೆ. ಸಾಮಾನ್ಯವಾಗಿ ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು. ಆದರೆ ಗಾಡಿ ಲೀಸ್ ಒಪ್ಪಂದದಲ್ಲಿದ್ದರೆ, ಆ ಒಪ್ಪಂದದ ಮೇರೆಗೆ ಅದನ್ನು ಕೈಯಲ್ಲಿಟ್ಟುಕೊಂಡವರೇ ಮಾಲೀಕರು. ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಕಾಯ್ದೆ ಬೆರಳು ತೋರಿಸುವುದು ನಿಮ್ಮ ಕಡೆಗೆ.

ವಿಮೆಯ ಪಾಲಿಸಿ ಓದಿ ನೋಡಿ. ಅಲ್ಲಿ ವಿಮೆದಾರರ ಜಾಗದಲ್ಲಿ ಸಾಮಾನ್ಯವಾಗಿ ಲೀಸ್ ಕಂಪನಿಯ ಅಥವಾ ಕೆಲಸ ಕೊಟ್ಟ ಕಂಪನಿಯ ಹೆಸರಿರುತ್ತದೆ. ಕ್ಲೇಮ್ ಫಾರಂಗೆ ಅವರ ಸಹಿ ಬೇಕು, ಸೀಲ್ ಬೇಕು. ಅಂದಾಜು ಪಟ್ಟಿಗೆ ಅವರ ಒಪ್ಪಿಗೆ ಬೇಕು. ಪರಿಹಾರದ ಹಣವೂ ಅವರಿಗೇ. ಗುದ್ದಿಸಿಕೊಂಡ ನೀವು ಈ ಇಡೀ ವ್ಯವಹಾರದಲ್ಲಿ ಕಾಗದ ಸಾಗಿಸುವವರು ಅಷ್ಟೆ.

ತಪ್ಪು ಲಾರಿಯದು, ಕ್ಲೇಮ್ ಮಾತ್ರ ನಿಮ್ಮ ಪಾಲಿಸಿ ಮೇಲೆ

ಹಿಂದೆ ಬರುವ ಗಾಡಿ, ಮುಂದಿನದು ದಿಢೀರನೆ ನಿಂತರೂ ಗುದ್ದದಷ್ಟು ಅಂತರ ಇಟ್ಟುಕೊಳ್ಳಬೇಕು ಎಂಬುದು ರಸ್ತೆ ನಿಯಮ. ಹಾಗಾಗಿ ಇಂಥ ಪ್ರಕರಣದಲ್ಲಿ ತಪ್ಪು ಯಾರದು ಎನ್ನುವುದು ಹೆಚ್ಚಾಗಿ ಸ್ಪಷ್ಟ. ಹಾಗಿದ್ದರೆ ದುಡ್ಡು ಲಾರಿಯ ವಿಮೆಯಿಂದಲೇ ಬರಬೇಕಲ್ವಾ?

ಕಾನೂನಿನಲ್ಲಿ ಆ ದಾರಿ ಇದೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಸಾವು, ಗಾಯಗಳ ಜೊತೆಗೆ ಮೂರನೆಯವರ ಆಸ್ತಿಗೆ ಆದ ನಷ್ಟವನ್ನೂ ಕೇಳಬಹುದು. ಅದಕ್ಕೆ ಪೊಲೀಸ್ ದಾಖಲೆ, ಲಾರಿಯ ವಿಮೆ ವಿವರ, ವಕೀಲರು, ಸಾಕ್ಷಿ ಎಲ್ಲ ಬೇಕು. 2019ರ ತಿದ್ದುಪಡಿ ಪ್ರಕಾರ ಅರ್ಜಿ ಆರು ತಿಂಗಳೊಳಗೆ ಹೋಗಬೇಕು. ಬಂಪರ್ ಮತ್ತು ಡಿಕ್ಕಿ ಬಾಗಿಲಿಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ತಾಳ್ಮೆ ಯಾರಿಗಿದೆ? ಲೀಸ್ ಕಂಪನಿಗೆ ಅದರ ಅಗತ್ಯವೂ ಇಲ್ಲ, ಅದರ ಬಾಡಿಗೆ ಹೇಗೂ ಬರುತ್ತಿರುತ್ತದೆ. ಹಾಗಾಗಿ ಬಹುತೇಕ ಎಲ್ಲರೂ ಹಿಡಿಯುವ ದಾರಿ ತಮ್ಮದೇ ಗಾಡಿಯ 'ಓನ್ ಡ್ಯಾಮೇಜ್' ಕ್ಲೇಮ್. ತಪ್ಪು ಮಾಡದವರ ನೋ ಕ್ಲೇಮ್ ಬೋನಸ್ ಹೋಗುವುದು ಹೀಗೆ.

ಈ ಕ್ಲೇಮಿನಲ್ಲಿ ಸವಕಳಿ ಎಂಬ ಇನ್ನೊಂದು ಕತ್ತರಿ ಇದೆ. ನಮ್ಮ ಮೋಟಾರು ವಿಮೆಯ ಹಳೆಯ ಪಟ್ಟಿಯಂತೆ ಪ್ಲಾಸ್ಟಿಕ್, ರಬ್ಬರ್, ಟೈರು, ಏರ್‌ಬ್ಯಾಗ್, ಬ್ಯಾಟರಿಗೆ 50% ಕಡಿತ, ಫೈಬರ್ ಗ್ಲಾಸಿಗೆ 30%. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಲೆಕ್ಕ: ಎರಡನೇ ವರ್ಷದಲ್ಲಿ 10%, ಮೂರನೇ ವರ್ಷದಲ್ಲಿ 15%, ಹೀಗೆ ಏರುತ್ತದೆ. ಹಿಂದಿನಿಂದ ಗುದ್ದಿದಾಗ ಮೊದಲು ಹೋಗುವ ಬಂಪರ್ ಪ್ಲಾಸ್ಟಿಕ್‌ನದೇ. 'ಬ್ಯಾಟರಿಗೆ 50%' ಎಂದು ಬರೆದ ಕಾಲದಲ್ಲಿ ಬ್ಯಾಟರಿ ಅಂದರೆ ಬಾನೆಟ್ ಕೆಳಗಿನ 12 ವೋಲ್ಟ್ ಡಬ್ಬಿ. ಇವತ್ತು ಅದೇ ಪದದ ಕೆಳಗೆ ಲಕ್ಷಗಟ್ಟಲೆ ಬೆಲೆಯ ಬ್ಯಾಟರಿ ಪ್ಯಾಕ್ ಬಂದು ಕೂತಿದೆ. ಇದರಿಂದ ತಪ್ಪಿಸಿಕೊಳ್ಳಲು ಶೂನ್ಯ ಸವಕಳಿ ಮತ್ತು ಬ್ಯಾಟರಿ ರಕ್ಷಣೆಯ ಹೆಚ್ಚುವರಿ ಕವರ್‌ಗಳಿವೆ. ಆದರೆ ಪಾಲಿಸಿ ಆರಿಸಿದ್ದು ಲೀಸ್ ಕಂಪನಿ. ಅದರಲ್ಲಿ ಏನಿದೆ ಏನಿಲ್ಲ ಎಂದು ಓಡಿಸುವವನಿಗೆ ಗೊತ್ತಾಗುವುದು ಹೆಚ್ಚಾಗಿ ಬಿಲ್ ಬಂದ ಮೇಲೆ.

ಕೆಂಪು ದೀಪದ ಹಿಂದೆ ಏನಿದೆ

ಇಲ್ಲಿ ನನ್ನೊಳಗಿನ ಹಳೆಯ ಎಂಜಿನಿಯರ್ ಸ್ವಲ್ಪ ಮಾತಾಡಲಿ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಪ್ಯಾಕ್ ಸಾಮಾನ್ಯವಾಗಿ ಎರಡು ಆಕ್ಸಲ್‌ಗಳ ನಡುವೆ, ನೆಲದ ಕೆಳಗೆ ಇರುತ್ತದೆ. ಹಿಂದಿನಿಂದ ಪೆಟ್ಟು ಬಿದ್ದರೆ ಮೊದಲು ಮಡಚಿಕೊಳ್ಳುವುದು ಬಂಪರ್, ಅದರ ಹಿಂದಿನ ಪಟ್ಟಿ, ಡಿಕ್ಕಿಯ ನೆಲ. ಪ್ಯಾಕ್‌ವರೆಗೆ ಪೆಟ್ಟು ಹೋಗದಿರುವ ಸಾಧ್ಯತೆಯೇ ಹೆಚ್ಚು. ಆದರೂ ಡಿಕ್ಕಿಯ ಅದುರು ಸೆನ್ಸರಿಗೆ ಸಿಕ್ಕರೆ ಕಾರು ತನ್ನ ಹೈವೋಲ್ಟೇಜ್ ಸಂಪರ್ಕವನ್ನು ತಾನೇ ಕಡಿದುಕೊಳ್ಳುತ್ತದೆ. ಜೀವ ಉಳಿಸುವ ಒಳ್ಳೆಯ ವ್ಯವಸ್ಥೆ ಅದು. ನನ್ನ ತಮ್ಮನ ಗಾಡಿ ಸ್ಟಾರ್ಟ್ ಆಗದೆ ನಿಂತದ್ದು ಇದಕ್ಕೇ.

ಅದನ್ನು ಮತ್ತೆ ಎಬ್ಬಿಸಬೇಕಾದರೆ ಎರಡು ಕೆಲಸ ಆಗಬೇಕು. ಮೊದಲನೆಯದು ಇನ್ಸುಲೇಷನ್ ಪರೀಕ್ಷೆ. ಹೈವೋಲ್ಟೇಜ್ ತಂತಿಗಳಿಂದ ಕಾರಿನ ಮೈಗೆ ಕರೆಂಟ್ ಸೋರುತ್ತಿದೆಯೇ ಎಂದು ನೋಡುವುದು. ಡಿಸಿ ಸರ್ಕ್ಯೂಟಿನಲ್ಲಿ ಪ್ರತಿ ವೋಲ್ಟಿಗೆ ಕನಿಷ್ಠ 100 ಓಮ್ ರೋಧ ಇರಬೇಕು ಎಂಬುದು ಮಾನದಂಡ. 350 ವೋಲ್ಟಿನ ಪ್ಯಾಕಿಗೆ 35,000 ಓಮ್. ತಕ್ಕ ಮೀಟರು, ಹೈವೋಲ್ಟೇಜ್ ಗ್ಲೌಸು, ತರಬೇತಿ ಇದ್ದವರಿಗೆ ಇದು ಬಹಳ ಹೊತ್ತಿನ ಕೆಲಸ ಅಲ್ಲ. ಎರಡನೆಯದು ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಸಂಕೇತ ಅಳಿಸುವುದು. ಇದರ ಸಾಫ್ಟ್‌ವೇರ್ ತಯಾರಕರ ಅಧಿಕೃತ ವರ್ಕ್‌ಶಾಪ್‌ನಲ್ಲಿ ಮಾತ್ರ.

ನಮ್ಮ ಬಸವಕಲ್ಯಾಣದ ಆಟೋನಗರ ಲಾರಿ ಕೆಲಸಕ್ಕೆ ಹೆಸರಾದದ್ದು. ಚಾಸಿಸ್ ಕತ್ತರಿಸಿ ಮತ್ತೆ ಬೆಸೆಯಬಲ್ಲ ಕೈಗಳು ಅಲ್ಲಿವೆ. ಅಲ್ಲಿನ ಒಬ್ಬ ಮಿಸ್ತ್ರಿಗೆ ಫೋಟೊ ತೋರಿಸಿದೆ. "ತಗಡಿನ ಕೆಲಸ ಎರಡು ದಿನದ್ದು ಅದ್ರಿ. ಆದ್ರ ಇದ್ರ ತಲಿ ಕಂಪ್ಯೂಟರ್‌ದಾಗ ಅದ, ಅದ್ರ ಚಾವಿ ನಮಗ ಕೊಡಂಗಿಲ್ಲ" ಅಂದರು. ಕಡೆಗೆ ಕಾರನ್ನು ಫ್ಲಾಟ್‌ಬೆಡ್ ಮೇಲೆ ಹೇರಿ ಕಲಬುರಗಿಗೆ, ಸುಮಾರು 60 ಕಿಲೋಮೀಟರ್ ಕಳಿಸಿದ್ದಾಯಿತು. ಇವಿಯನ್ನು ಚಕ್ರ ನೆಲಕ್ಕೆ ಬಿಟ್ಟು ಎಳೆಯುವ ಹಾಗಿಲ್ಲ. ಚಕ್ರ ತಿರುಗಿದರೆ ಮೋಟಾರ್ ಕರೆಂಟ್ ಹುಟ್ಟಿಸುತ್ತದೆ. ಪರೀಕ್ಷೆ ಆಯಿತು, ಪ್ಯಾಕಿಗೆ ಏನೂ ಆಗಿರಲಿಲ್ಲ. ಅಷ್ಟು ತಿಳಿಯಲು ಎರಡು ವಾರ ಹಿಡಿಯಿತು.

ಪ್ಯಾಕಿಗೆ ನಿಜಕ್ಕೂ ಪೆಟ್ಟಾಗಿದ್ದರೆ ಕಥೆ ಇನ್ನೂ ಬೇರೆ. ರಿಪೇರಿ ಖರ್ಚು ಗಾಡಿಯ ವಿಮಾ ಮೌಲ್ಯದ 75% ದಾಟಿದರೆ ಅದನ್ನು ಪೂರ್ತಿ ನಷ್ಟ ಎಂದು ಬರೆದುಬಿಡುತ್ತಾರೆ. ಆ ಹಣ ಲೀಸ್ ಕಂಪನಿಗೆ ಹೋಗುತ್ತದೆ. ಲೀಸಿನ ಬಾಕಿ ಅದಕ್ಕಿಂತ ಜಾಸ್ತಿ ಇದ್ದರೆ ವ್ಯತ್ಯಾಸ ಕಟ್ಟುವವರು ಯಾರು ಎಂಬುದು ಒಪ್ಪಂದದ ಸಣ್ಣಕ್ಷರದಲ್ಲಿರುತ್ತದೆ. ಅಲ್ಲಿ ಬಹುಮಟ್ಟಿಗೆ ನಿಮ್ಮ ಹೆಸರೇ ಇರುತ್ತದೆ.

ಚಾವಿಯ ಜಗಳ ಹೊಸದಲ್ಲ

ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಆದೇಶ ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು, ಗ್ಯಾರೇಜಿನವರ ಕೈಗೆ ಚಾವಿ ಬರಲಿಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳೂ ಅದರ ಪಟ್ಟಿಯಲ್ಲಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಬಂತು. ಪೋರ್ಟಲ್ ಮಾಹಿತಿ ಕೊಡುತ್ತದೆ, ಯಾರನ್ನೂ ಕಟ್ಟಿಹಾಕುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ, ಮತ್ತೆ 2020ರಲ್ಲಿ, ಕಾರು ರಿಪೇರಿಯ ಹಕ್ಕಿಗೆ ನೇರವಾಗಿ ವೋಟು ಹಾಕಿ ಕಾನೂನು ಮಾಡಿಸಿದರು. ರಿಪೇರಿ ಒಂದು ರಾಜಕೀಯ ಪ್ರಶ್ನೆ ಎಂದು ಅವರಿಗೆ ಅನಿಸಿತ್ತು.

ಮಾಲೀಕತ್ವ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ದೊಡ್ಡ ಉದಾಹರಣೆ ಬ್ಲೂಸ್ಮಾರ್ಟ್. ಅದರ ಎಷ್ಟೋ ಕಾರುಗಳು ಜೆನ್ಸೋಲ್ ಕಂಪನಿಯಿಂದ ಲೀಸಿಗೆ ಬಂದವು. ಜೆನ್ಸೋಲ್ 6,400 ಇವಿ ಕೊಳ್ಳಲು ಸಾಲ ಪಡೆದು 4,704 ಮಾತ್ರ ಕೊಂಡಿತ್ತು ಎಂದು 2025ರ ಏಪ್ರಿಲ್ 15ರ ಮಧ್ಯಂತರ ಆದೇಶದಲ್ಲಿ ಸೆಬಿ ಹೇಳಿತು. ಒಂದೆರಡು ದಿನದಲ್ಲಿ ಟ್ಯಾಕ್ಸಿ ಸೇವೆ ನಿಂತಿತು. ಸಾಲದ ವ್ಯವಹಾರದಲ್ಲಿ ಕೈಯೇ ಇಲ್ಲದ ಡ್ರೈವರ್‌ಗಳ ದುಡಿಮೆ ಅದರ ಜೊತೆಗೇ ನಿಂತಿತು.

ಈಗ ಮಾಲೀಕತ್ವ ಇನ್ನೂ ಸಣ್ಣ ತುಂಡುಗಳಾಗುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ವಿಂಡ್ಸರ್ ಕಾರು ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಬ್ಯಾಟರಿಗೆ ಕಿಲೋಮೀಟರಿಗೆ 3.5 ರೂಪಾಯಿ ಬಾಡಿಗೆ ಎಂಬ ಯೋಜನೆ ಇತ್ತು. ಬ್ಯಾಟರಿ ಸೇರಿಸಿ ಬೆಲೆ ಸುಮಾರು 13.5 ಲಕ್ಷ. ಕೊಳ್ಳುವವರಿಗೆ ಮೊದಲ ಹೊರೆ ಇಳಿಯಿತು, ನಿಜ. ಆದರೆ ಅಂಥ ಕಾರಿಗೆ ಗುದ್ದಿದರೆ ಬಾಡಿ ಒಬ್ಬರದು, ಬ್ಯಾಟರಿ ಇನ್ನೊಬ್ಬರದು. ಒಪ್ಪಿಗೆ ಕೊಡಬೇಕಾದವರ ಸಾಲು ಉದ್ದವಾಗುತ್ತದೆ.

ಕೇಳಬೇಕಾದ್ದು ಏನು

ಇವಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. 2025–30ರ ಹೊಸ ನೀತಿ 50,000 ಕೋಟಿ ರೂಪಾಯಿ ಹೂಡಿಕೆ, ಒಂದು ಲಕ್ಷ ಉದ್ಯೋಗದ ಮಾತಾಡುತ್ತದೆ. ಎಷ್ಟು ಗಾಡಿ ಮಾರಾಟವಾಯಿತು, ಎಷ್ಟು ಚಾರ್ಜಿಂಗ್ ಸ್ಟೇಷನ್ ಬಂತು ಎಂದು ಎಣಿಸುತ್ತೇವೆ. ಒಂದು ತಾಲ್ಲೂಕಿನಲ್ಲಿ ಹೈವೋಲ್ಟೇಜ್ ಪರೀಕ್ಷೆ ಮಾಡಬಲ್ಲ ಎಷ್ಟು ಕೈಗಳಿವೆ ಎಂದು ಯಾರೂ ಎಣಿಸುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ, ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಐಟಿಐಗಳಿವೆ, ಆಟೋನಗರ ಇದೆ. ಆ ಮಿಸ್ತ್ರಿಗಳಿಗೆ ತರಬೇತಿ, ಮೀಟರು ಮತ್ತು ಕಾನೂನಿನ ಬಲದಿಂದ ಸಾಫ್ಟ್‌ವೇರಿನ ಚಾವಿ ಸಿಕ್ಕರೆ ಎರಡು ದಿನದ ಕೆಲಸ ಎರಡೇ ದಿನದಲ್ಲಿ ಮುಗಿಯುತ್ತದೆ.

ಅಲ್ಲಿಯವರೆಗೆ, ಲೀಸಿಗೆ ಸಹಿ ಹಾಕುವ ಮುನ್ನ ನಾಲ್ಕು ವಿಷಯ ಬರಹದಲ್ಲೇ ಕೇಳಿ ಪಡೆಯಿರಿ. ಪಾಲಿಸಿಯ ಪೂರ್ತಿ ಪ್ರತಿ, ಶೂನ್ಯ ಸವಕಳಿ ಮತ್ತು ಬ್ಯಾಟರಿ ಕವರ್ ಇದೆಯೋ ಇಲ್ಲವೋ ಎಂಬುದರ ಸಮೇತ. ರಿಪೇರಿಗೆ ಒಪ್ಪಿಗೆ ಕೊಡುವವರ ಹೆಸರು, ಅದಕ್ಕೆ ಗಡುವು. ಕಾರು ವರ್ಕ್‌ಶಾಪ್‌ನಲ್ಲಿದ್ದ ದಿನಗಳ ಬಾಡಿಗೆಗೆ ವಿನಾಯಿತಿ ಅಥವಾ ಬದಲಿ ಗಾಡಿ. ಪೂರ್ತಿ ನಷ್ಟವಾದರೆ ಬಾಕಿ ಯಾರ ತಲೆಗೆ.

ಗುದ್ದಿಸಿಕೊಂಡ ದಿನ: ಎರಡೂ ಗಾಡಿಗಳ ಫೋಟೊ, ಲಾರಿಯ ನಂಬರ್ ಮತ್ತು ವಿಮೆ ವಿವರ ತೆಗೆದುಕೊಳ್ಳಿ. ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಲೀಸ್ ಕಂಪನಿಗೂ ವಿಮಾ ಕಂಪನಿಗೂ ಅಂದೇ ಇಮೇಲ್ ಕಳಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಪ್ರಕಾರ ಸರ್ವೇಯರ್ ನೇಮಕ 24 ಗಂಟೆಯಲ್ಲಿ, ವರದಿ 15 ದಿನದಲ್ಲಿ, ಅದಾದ ಮೇಲೆ ತೀರ್ಮಾನ 7 ದಿನದಲ್ಲಿ ಆಗಬೇಕು. ಈ ಮೂರು ಅಂಕಿ ಇಮೇಲಿನಲ್ಲೇ ಬರೆಯಿರಿ.

ಮತ್ತೆ, ನಿಮ್ಮ ತಾಲ್ಲೂಕಿನಲ್ಲಿ ಚಾರ್ಜಿಂಗ್ ಸ್ಟೇಷನ್ ಉದ್ಘಾಟನೆಗೆ ಶಾಸಕರು ಬಂದಾಗ ಟೇಪು ಕತ್ತರಿಸುವ ಮೊದಲು ಒಂದು ಪ್ರಶ್ನೆ ಹಾಕಿ: ಇಲ್ಲಿ ಚಾರ್ಜ್ ಆದ ಗಾಡಿ ಕೆಟ್ಟರೆ ಇದೇ ಊರಲ್ಲಿ ರಿಪೇರಿ ಆಗುವುದು ಯಾವಾಗ ಸ್ವಾಮಿ?