ಹಿತ್ತಲ ನುಗ್ಗೆಯೂ ಮೊಟ್ಟೆಯ ಹಳದಿಯೂ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಈಗ ಅದೇ ಹಿತ್ತಲ ನುಗ್ಗೆಸೊಪ್ಪು, ಅರಿಶಿನ, ತುಳಸಿ, ನೆಲ್ಲಿಕಾಯಿ ಪುಡಿಯಾಗಿ ಪೊಟ್ಟಣ ಸೇರಿ, ಮೊಟ್ಟೆ ಕೋಳಿಗಳ ಪೂರಕ ಆಹಾರವೆಂದು ಅಂಗಡಿಗೆ ಬರುತ್ತಿವೆ. ಹತ್ತಿಪ್ಪತ್ತು ಕೋಳಿ ಸಾಕಿ ಮನೆಯ ಖರ್ಚು ತೂಗಿಸುವ ತಾಯಂದಿರು ಇದನ್ನು ಕೊಳ್ಳಬೇಕೇ? ಕೊಂಡರೆ ಪ್ರಯೋಜನವೇನು? ಸ್ವಲ್ಪ ವಿಚಾರ ಮಾಡೋಣ.

ಹಿಂದೂಪುರದಿಂದ ಪೆನುಕೊಂಡದ ಕಡೆಗೆ ಹೋಗುವಾಗ ಸಿಗುವ ಸೋಮಂದೇಪಲ್ಲಿ ಹಿಂದೆ ಅನಂತಪುರ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಕಡಲೆಕಾಯಿ ಹೆಸರಾದ ಬೆಳೆ. ಇಂಥ ಸೀಮೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುವುದನ್ನು ಯಾರು ಕಂಡಿಲ್ಲ? ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಉಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಹೀಗೆ ಏದುಸಿರು ಬಿಟ್ಟಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ. ಚಿಪ್ಪು ಕಟ್ಟುವುದಕ್ಕೆ ಬೇಕಾದ ಸಾಮಗ್ರಿ ಕಡಿಮೆಯಾಗುತ್ತದೆ. ಬೇಸಿಗೆಯ ಮೊಟ್ಟೆ ಕೈಯಲ್ಲೇ ಒಡೆಯುವುದಕ್ಕೆ ಇದೂ ಒಂದು ಕಾರಣ.

ಬಿಸಿಲಿನಿಂದ ಇನ್ನೊಂದು ಹಾನಿಯೂ ಉಂಟು. ಹಳೆಯ ಎಣ್ಣೆ ಗಾಳಿಗೆ ತೆರೆದಿಟ್ಟರೆ ಕಮಟು ವಾಸನೆ ಬರುತ್ತದಲ್ಲವೇ? ಹೆಚ್ಚುಕಡಿಮೆ ಅಂಥದೇ ಕ್ರಿಯೆ ಕೋಳಿಯ ಜೀವಕೋಶಗಳ ಕೊಬ್ಬಿನಲ್ಲಿಯೂ ನಡೆಯುತ್ತದೆ. ಬಿಸಿಲ ಬಳಲಿಕೆಯಲ್ಲಿ ಅದು ಹೆಚ್ಚುತ್ತದೆ. ಇದನ್ನು ತಡೆಯುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಇ ಜೀವಸತ್ವ, ಸೊಪ್ಪು ಮತ್ತು ಹೂವುಗಳ ಬಣ್ಣದ ಅಂಶಗಳು, ಅರಿಶಿನದ ಕರ್ಕ್ಯುಮಿನ್ ಈ ಗುಂಪಿಗೆ ಸೇರುತ್ತವೆ.

ಇವುಗಳಲ್ಲಿ ಕೆಲವು ನೇರವಾಗಿ ಮೊಟ್ಟೆಗೇ ಇಳಿದು ಬರುತ್ತವೆ. ಕೋಳಿ ತಿಂದ ಇ ಜೀವಸತ್ವ ಹಳದಿ ಭಾಗವನ್ನು ಸೇರಿ ಅಲ್ಲಿನ ಕೊಬ್ಬು ಕೆಡದಂತೆ ಕಾಯುತ್ತದೆ. ಚೆಂಡು ಹೂವಿನಲ್ಲಿಯೂ ಹಸಿರು ಸೊಪ್ಪಿನಲ್ಲಿಯೂ ಇರುವ ಲ್ಯೂಟೀನ್ ಹಳದಿಗೆ ಗಾಢ ಬಣ್ಣ ಕೊಡುತ್ತದೆ. ಮೊಟ್ಟೆ ತಿಂದವರ ಕಣ್ಣಿಗೂ ಅದು ಹಿತ. ಆದರೆ ಬಣ್ಣವೊಂದನ್ನೇ ನೋಡಿ ಮರುಳಾಗಬಾರದು. ಕೃತಕ ಬಣ್ಣ ಬೆರೆಸಿದ ಆಹಾರದಿಂದಲೂ ಹಳದಿ ಕೆಂಪೇರುತ್ತದೆ.

ಗಿಡಮೂಲಿಕೆಗಳತ್ತ ಜಗತ್ತು ತಿರುಗಿದ್ದಕ್ಕೆ ಬಲವಾದ ಕಾರಣವೂ ಇದೆ. ಬೇಗ ಬೆಳೆಯಲೆಂದು ಪ್ರಾಣಿಗಳಿಗೆ ಆಂಟಿಬಯೋಟಿಕ್ ತಿನ್ನಿಸುವುದನ್ನು ಯುರೋಪಿನ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ಮನುಷ್ಯರಿಗೆ ಕೊನೆಯ ಆಸರೆಯಂತಿರುವ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ನಮ್ಮ ದೇಶ 2019ರಲ್ಲಿ ನಿಷೇಧಿಸಿತು. ಆ ಜಾಗಕ್ಕೆ ನಿರಪಾಯದ ಬೇರೊಂದು ದಾರಿ ಬೇಕಾಯಿತು.

ಆದರೂ ಒಂದು ಎಚ್ಚರಿಕೆ. ಸೊಪ್ಪು ಎಲ್ಲವನ್ನೂ ಸರಿಮಾಡುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದಕ್ಕಾಗಿ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಬೇಕು. ಅದನ್ನು ಸುಣ್ಣಕಲ್ಲಿನ ಪುಡಿಯಿಂದಲೋ ಚಿಪ್ಪಿನ ಚೂರಿನಿಂದಲೋ ಒದಗಿಸಬೇಕೇ ಹೊರತು ತುಳಸಿಯಿಂದಲ್ಲ.

ಬೂಸ್ಟು ಹಿಡಿದ ಆಹಾರದ ವಿಷಯದಲ್ಲಂತೂ ಇನ್ನೂ ಜಾಗರೂಕರಾಗಿರಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿದ್ದ ಬೂಸ್ಟಿನ ವಿಷ, ಅಫ್ಲಾಟಾಕ್ಸಿನ್. ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಯವರು ಇದನ್ನು ಮರೆಯುವಂತಿಲ್ಲ. ಮನುಷ್ಯರು ತಿನ್ನಲಾಗದ ಬೂಸ್ಟು ಹಿಂಡಿಯನ್ನು 'ಕೋಳಿಗಾದರೂ ಆಗಲಿ' ಎಂದು ಹಾಕಿದರೆ, ಯಾವ ಗಿಡಮೂಲಿಕೆಯೂ ಆ ನಷ್ಟವನ್ನು ತುಂಬಿಕೊಡದು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ನೆರಳು, ಗಾಳಿ, ದಿನಕ್ಕೆ ಹಲವು ಬಾರಿ ಬದಲಿಸಿದ ತಣ್ಣೀರು. ಎರಡನೆಯದು ಒಣಗಿದ, ಶುಚಿಯಾದ ಕಾಳು ಮತ್ತು ಹಿಂಡಿ. ಬಿಸಿಲ ದಿನಗಳಲ್ಲಿ ಆಹಾರವನ್ನು ಮುಂಜಾನೆ ಮತ್ತು ಸಂಜೆ ತಂಪಿನಲ್ಲಿ ಕೊಡುವುದು ಲೇಸು. ಇವೆಲ್ಲ ಆದಮೇಲೆ ನುಗ್ಗೆಸೊಪ್ಪಿನ ಸರದಿ. ಬಿಸಿಲಿಗೆ ಹಾಕದೆ ನೆರಳಲ್ಲೇ ಒಣಗಿಸಿ ಪುಡಿಮಾಡಿ, ನೂರು ಕಿಲೋ ಆಹಾರಕ್ಕೆ ಎರಡು ಮೂರು ಕಿಲೋದಷ್ಟು ಬೆರೆಸಿದರೆ ಸಾಕು. ಒಳ್ಳೆಯದೆಂದು ಹತ್ತು ಕಿಲೋ ಸುರಿದರೆ ಮೊಟ್ಟೆಯ ಸಂಖ್ಯೆಯೇ ಇಳಿಯಬಹುದು. ಹಿತಮಿತ ಎಂಬ ಮಾತು ಕೋಳಿಗೂ ಸಲ್ಲುತ್ತದೆ.

ಫಲ ಸಿಕ್ಕಿತೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಅಂದಿನ ಮೊಟ್ಟೆಯನ್ನು ತಟ್ಟೆಯ ಮೇಲೆ ಒಡೆಯಿರಿ. ಬಿಳಿ ಲೋಳೆ ನೀರಿನಂತೆ ಹರಡದೆ ಎತ್ತರವಾಗಿ ನಿಲ್ಲಬೇಕು, ಹಳದಿ ಗುಂಡಗಿರಬೇಕು. ಬಿಳಿ ಲೋಳೆಯ ಎತ್ತರವನ್ನೂ ಮೊಟ್ಟೆಯ ತೂಕವನ್ನೂ ಸೇರಿಸಿ ಗುಣಮಟ್ಟ ಲೆಕ್ಕಹಾಕುವ ಪದ್ಧತಿಯನ್ನು 1937ರಲ್ಲಿ ರೇಮಂಡ್ ಹಾ ಎಂಬ ಅಮೆರಿಕನ್ನರು ರೂಪಿಸಿದರು. ಇಂದಿಗೂ ಹಾ ಯೂನಿಟ್ ಎಂಬ ಹೆಸರಿನಲ್ಲಿ ಅದೇ ಅಳತೆ ನಡೆಯುತ್ತಿದೆ. ಎಷ್ಟೇ ಒಳ್ಳೆಯ ಮೊಟ್ಟೆಯಾದರೂ ಬಿಸಿಲಲ್ಲಿಟ್ಟರೆ ಲೋಳೆ ತೆಳುವಾಗುತ್ತದೆ, ಆದ್ದರಿಂದ ತಂಪಾದ ಕಡೆ ಇಡಿರಿ. ಕೋಳಿ ಸಾಕಣೆಯನ್ನು ಕ್ರಮವಾಗಿ ಕಲಿಯಬಯಸುವವರು ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ತರಬೇತಿ ಸಂಸ್ಥೆಯನ್ನು ವಿಚಾರಿಸಬಹುದು.

ಪೊಟ್ಟಣಕ್ಕೆ ಹಣ ತೆರುವ ಮುನ್ನ ಕೋಳಿಯ ನೀರಿನ ಪಾತ್ರೆಯನ್ನೂ ಹಿಂಡಿಯ ಚೀಲವನ್ನೂ ಒಮ್ಮೆ ನೋಡೋಣ. ಅವೆರಡೂ ಶುಚಿಯಾಗಿದ್ದರೆ ಹಿತ್ತಲ ನುಗ್ಗೆ ತನ್ನ ಪಾಲಿನ ಕೆಲಸ ಮಾಡುತ್ತದೆ. ಕೋಳಿಯ ಮುಂದೆ ನಾವು ಇಟ್ಟದ್ದೇ ನಾಳೆ ನಮ್ಮ ಮಕ್ಕಳ ತಟ್ಟೆಗೆ ಬರುತ್ತದೆ.